ಹೊಲದಲ್ಲಿ ಕಳೆದ ಲಿಂಗ

ಆಗ ನನಗೆ ಇಪ್ಪತ್ತೆರಡು. ಅದಾಗಿ ಐವತ್ತು ವರ್ಷ ಮೀರಿತು. ಇಂಡಿ ತಾಲೂಕಿನ ಸಾಲೋಟಗಿ ಹತ್ತಿರದ ಎರೆ ಹೊಲದಲ್ಲಿ ಜೋಳ ಕೀಳುವಾಗ ನನ್ನ ಕೊರಳಿನ ಲಿಂಗ ಕಳೆಯಿತು. ದಾರ ಯಾವಾಗ ಹರಿಯಿತೋ ಗೊತ್ತಾಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎದೆ ಮುಟ್ಟಿ ನೋಡಿಕೊಂಡರೆ ಇಲ್ಲ.

ಪಕ್ಕದ ಸಾಲಿನಲ್ಲಿ ಕೀಳುತ್ತಿದ್ದ ಅತ್ತೆ ಬಂದು ನನ್ನ ಕೈಯೊಳಗಿನ ರೊಟ್ಟಿ ಕಸಿದುಕೊಂಡಳು. ಲಿಂಗವಿಲ್ಲದೆ ಗಂಟಲಿಗೆ ನೀರೂ ಇಳಿಯಬಾರದು ಎಂಬುದು ನಮ್ಮ ಮನೆಯ ರೀತಿ. ನಮ್ಮೂರ ಜಂಗಮ ಅಯ್ಯನವರೇ ಹೊಸ ಲಿಂಗ ಕಟ್ಟಬೇಕು. ಅವರು ಬಸವನ ಬಾಗೇವಾಡಿಗೆ ಹೋಗಿದ್ದರು, ಬರುವುದು ಮೂರನೆಯ ದಿನ. ನನ್ನ ಮಗನಿಗೆ ಮೂರು ತಿಂಗಳು. ನನ್ನ ಹಾಲು ಬಿಟ್ಟರೆ ಅವನಿಗೆ ಬೇರೇನೂ ಇಲ್ಲ.

ಎಲ್ಲರೂ ಹುಡುಕಿದರು. ನೆಲದ ಬಿರುಕಿನಲ್ಲಿ ಮೊಳಕೈವರೆಗೆ ಕೈ ಹೋಗುತ್ತಿತ್ತು. ನಮ್ಮ ಪಕ್ಕದ ಮನೆಯ ಮುಸಲ್ಮಾನರ ಹೆಂಗಸು ನನ್ನ ಜೊತೆಗೇ ಕೂಲಿಗೆ ಬರುತ್ತಿದ್ದಳು. ಬಿರುಕಿನಲ್ಲಿ ಕೈ ಇಟ್ಟುಕೊಂಡೇ ಮಾತು ತೆಗೆದಳು.

“ನಿಮ್ಮ ದೇವರು ಬಾಳ ಸಣ್ಣಾಂವ ಅದಾನ ನೋಡಕ್ಕ. ನಮ್ಮಾಂವಗ ಆಕಾರನ ಇಲ್ಲ. ಕಳೀಬೇಕಂದ್ರೂ ಕಳಿಯಂಗಿಲ್ಲ.”

“ಹಂಗಾರ ಕಾಣೂದರ ಹೆಂಗ?” ಅತ್ತೆ ಸಿಡುಕಿದಳು. “ನಮ್ಮಾಂವ ಅಂಗೈಯಾಗ ಕುಂಡ್ರತಾನ. ಕಣ್ಣಾಗ ಕಣ್ಣಿಟ್ಟು ನೋಡತೀವಿ.”

ಹೊಲದೊಡತಿ ಜೈನರಾಕೆ. ಮಜ್ಜಿಗೆ ತಂದವಳು ಬದುವಿನ ಮೇಲೆ ಕೂತು ಕೇಳುತ್ತಿದ್ದಳು. “ನಮ್ಮ ತೀರ್ಥಂಕರರು ಜಗತ್ತು ಹುಟ್ಟಸ್ಲೂ ಇಲ್ಲ, ಕಾಯೂದೂ ಇಲ್ಲ. ತಮ್ಮನ್ನ ತಾವ ಗೆದ್ದು ಸುಮ್ಮ ಕುಂತಾರ. ಬೇಡಿದ್ರ ಏನೂ ಕೊಡೂದಿಲ್ಲ.”

“ಮತ್ಯಾಕ ಕೈ ಮುಗೀತೀರಿ, ಅಕ್ಕಾರ?” ಎಂದೆ.

“ನಾವೂ ಹಂಗ ಆಗಬೇಕಂತ. ಸಾಕ ಹುಡುಕಿದ್ದು, ಕೀಳ್ರಿ ಇನ್ನ. ಹೊತ್ತು ಹೊಂಟೈತಿ.”

ಮೂವರದೂ ಕೇಳಿದೆ. ಯಾವುದು ಖರೆ ಎಂದು ತಿಳಿಯಲಿಲ್ಲ. ನೀರಡಿಕೆ ಮಾತ್ರ ತಿಳಿಯುತ್ತಿತ್ತು. ಲಿಂಗ ಸಿಗಲಿಲ್ಲ.

ಎರಡನೆಯ ದಿನ ಸಂಜೆಗೆ ಎದೆ ಬತ್ತಿತು. ಕೂಸು ಜಗ್ಗಿ ಜಗ್ಗಿ ಅತ್ತಿತು. ಅಳು ಕೇಳಿ ಪಕ್ಕದವಳು ತನ್ನ ಮೊಲೆಗೂಸು ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಬಂದಳು. “ತಾ ಇಲ್ಲೆ,” ಎಂದು ಕೈ ಚಾಚಿದಳು.

ಅತ್ತೆ ಅಡ್ಡ ನಿಂತಳು. “ಕೂಸಿನ ಕೊರಳಾಗ ಲಿಂಗ ಐತಿ.”

“ಇರಲಿ ಬಿಡಬೇ. ನಾ ಕುಡಸೂದು ಕೂಸಿಗೆ.”

ಅತ್ತೆ ಅಳುವ ಕೂಸನ್ನು ನೋಡಿದಳು. ಆಮೇಲೆ ತಾನೇ ಎತ್ತಿ ಅವಳ ತೊಡೆಯ ಮೇಲೆ ಹಾಕಿದಳು. ಕೊರಳಿನ ಲಿಂಗದ ಗಂಟನ್ನು ಬೆನ್ನ ಕಡೆ ಸರಿಸಿದಳು.

ಮಗ ಕುಡಿದು ನಿದ್ದೆ ಹೋದ. “ಇಂವ ಇನ್ನ ನನ್ನ ಹಾಲಿನ ಮಗ,” ಎಂದಳು ಪಕ್ಕದವಳು. “ನಮ್ಮೊಳಗ ಒಂದ ಹಾಲು ಕುಡದವರು ಅಣ್ಣತಂಗಿ ಆದಂಗ. ನನ್ನ ಮಗಳನ್ನ ನಿಮ್ಮ ಮನಿಗೆ ಕೊಡಂಗಿಲ್ಲ ನೋಡಬೇ.”

“ನಿನ್ನ ಕೇಳಿದಾರ್ಯಾರ?” ಎಂದು ಅತ್ತೆ ನಕ್ಕಳು. ನನಗೆ ಮಾತ್ರ ನೀರು ಕೊಡಲಿಲ್ಲ.

ಅವಳ ಮಗಳ ಪಾಲನ್ನು ನನ್ನ ಮಗ ಕುಡಿದಿದ್ದ. ಇನ್ನೊಮ್ಮೆ ಕೇಳುವುದು ನನಗೆ ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಒಂದು ತಂಬಿಗೆ ನೀರು ಕುಡಿದೆ. ಅತ್ತೆಯ ಎದುರಿಗೇ ಕೂತು ಎರಡು ರೊಟ್ಟಿ ತಿಂದೆ. ಹಾಲು ಇಳಿಯುವವರೆಗೆ ಕಾದು ಮಗನಿಗೆ ಕುಡಿಸಿದೆ. ಸಂಜೆ ಅಯ್ಯನವರು ಊರಿಗೆ ಬಂದರೆಂದು ಕೇಳಿ, ಜಳಕ ಮಾಡಿ ಅವರ ಮನೆಗೆ ಹೋಗಿ, “ಉಂಡ ಬಂದೇನ್ರಿ” ಎಂದು ಮೊದಲೇ ಹೇಳಿ, ಹೊಸ ಲಿಂಗ ಕಟ್ಟಿಸಿಕೊಂಡೆ.