ಮೆಟ್ಟಿಲ ಕೆಳಗೆ ಕೂತ ಪ್ರಿನ್ಸಿಪಾಲರು

ಮೊನ್ನೆ ಯಶವಂತಪುರ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿಗೆ ಕಾಲಿಟ್ಟೆ. ಆಗಷ್ಟೇ ತೊಳೆದಿದ್ದರು, ಫಿನಾಯಿಲ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಉಳಿದವರೆಲ್ಲ ಮೂಗಿಗೆ ಸೆರಗು ಹಿಡಿದರು. ನಾನೊಬ್ಬಳು ಹುಚ್ಚಿಯ ಹಾಗೆ ಅಲ್ಲೇ ನಿಂತೆ. ನಮ್ಮ ಪ್ರಿನ್ಸಿಪಾಲರು ನೆನಪಾದರು. ನಗಬೇಡಿ, ಆ ವಾಸನೆಗೆ ನನಗೆ ನೆನಪಾಗುವುದು ಅವರೇ...

ಎಪ್ಪತ್ತರ ದಶಕದ ಕೊನೆ. ಯಶವಂತಪುರದಾಚೆ, ತುಮಕೂರು ರಸ್ತೆಯಲ್ಲಿ ಹೊಸದಾಗಿ ಶುರುವಾಗಿದ್ದ ಡಿಗ್ರಿ ಕಾಲೇಜು ನಮ್ಮದು. ಹುಡುಗರ ಹಿಂಡಿನ ನಡುವೆ ನಾವು ಬೆರಳೆಣಿಕೆಯ ಹುಡುಗಿಯರು. ನಮಗೊಂದು ಕಕ್ಕಸು ಬೇಕಾಗುತ್ತದೆ ಅನ್ನುವುದು ಕಟ್ಟಿಸಿದ ಮಹಾನುಭಾವರಿಗೆ ಹೊಳೆದೇ ಇರಲಿಲ್ಲ. ಹುಡುಗರಿಗೇನು, ಹಿಂದೆ ಬಯಲಿತ್ತು. ನಾವು ಬೆಳಗ್ಗೆ ಮನೆ ಬಿಟ್ಟರೆ ಸಾಯಂಕಾಲದ ತನಕ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳುವುದಾದರೂ ಯಾರಿಗೆ?

ನನ್ನ ಗೆಳತಿ ಬಾಗಲಗುಂಟೆಯ ಕಡೆಯವಳು, ಬೇಸಾಯದವರ ಮನೆಯ ಹುಡುಗಿ. ಅವರ ಮನೆತನದಲ್ಲಿ ಕಾಲೇಜಿಗೆ ಬಂದ ಮೊದಲ ಹೆಣ್ಣು. ಲೆಕ್ಕದಲ್ಲಂತೂ ನಮ್ಮನ್ನೆಲ್ಲ ಎತ್ತಿ ಬಿಸಾಕುತ್ತಿದ್ದಳು. ಒಂದು ಬೇಸಿಗೆಯ ಮಧ್ಯಾಹ್ನ ಕ್ಲಾಸಿನಲ್ಲೇ ಧೊಪ್ಪನೆ ಬಿದ್ದುಬಿಟ್ಟಳು. ಪ್ರಿನ್ಸಿಪಾಲರೇ ಓಡಿ ಬಂದರು. ಧಾರವಾಡದ ಕಡೆಯವರು, ಅವರಿಗೆ ಹುಡುಗಿಯರೆಲ್ಲ 'ತಂಗಿ'. ಲೋಟ ಬಾಯಿಗಿಟ್ಟರೆ ಇವಳು ತುಟಿ ಬಿಗಿ ಹಿಡಿದಳು.

"ಯಾಕ ತಂಗಿ, ನೀರು ಯಾಕ ಒಲ್ಲಿ?" ಅಂದರು. ನಾವೆಲ್ಲ ನೆಲ ನೋಡಿದೆವು. ಅವರಿಗೆ ಅರ್ಥವಾಯಿತು.

ಇಡೀ ಕಾಲೇಜಿನಲ್ಲಿ ಚಿಲಕವಿದ್ದ ಒಂದೇ ಕಕ್ಕಸು ಅವರ ಕೋಣೆಗೆ ಅಂಟಿಕೊಂಡಿತ್ತು. ಮಾರನೇ ದಿನ ಬಂದು ನೋಡಿದರೆ, ಅಯ್ಯೋ ದೇವರೇ, ಅವರ ಮೇಜು ಕುರ್ಚಿ ಮೆಟ್ಟಿಲ ಕೆಳಗೆ! ಕೋಣೆ ಹುಡುಗಿಯರಿಗೆ ಅಂದರು. ಕಕ್ಕಸು ತೊಳೆಯಲ್ಲ ಅಂತ ಜವಾನ ಹಟ ಹಿಡಿದಾಗ ಪುಣ್ಯಾತ್ಮರು ಪ್ಯಾಂಟು ಮಡಚಿ ತಾವೇ ತೊಳೆದರು. ದಿನಾ ನಾವು ಬರುವ ಮೊದಲೇ ತೊಳೆದು, ಫಿನಾಯಿಲ್ ಹಾಕಿ ಇಟ್ಟಿರುತ್ತಿದ್ದರು. ಹುಡುಗರು ಕಿಸಿಕಿಸಿ ನಕ್ಕರು. ಮೇಷ್ಟ್ರುಗಳೂ ನಕ್ಕರು, ಅದಕ್ಕೇ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ನಾವು ಮಾತ್ರ ಹೊಟ್ಟೆ ತುಂಬ ನೀರು ಕುಡಿದೆವು.

ಕಾಲೇಜಿಗೆ ಜಾಗ ಕೊಟ್ಟಿದ್ದ ಊರ ಯಜಮಾನರೇ ಅದರ ಕಾರ್ಯದರ್ಶಿ. ಒಂದು ದಿನ ಯಾರೋ ದೊಡ್ಡವರನ್ನು ಕರೆತಂದರು. ನೋಡಿದರೆ ಪ್ರಿನ್ಸಿಪಾಲರು ಮೆಟ್ಟಿಲ ಕೆಳಗೆ, ತಲೆಯ ಮೇಲೆ ಹುಡುಗರ ಚಪ್ಪಲಿ ಸದ್ದು.

"ಏನ್ ಮೇಷ್ಟ್ರೇ, ಇಂಗಾ ಕುಂತ್ಕಳಾದು? ನಮ್ ಮರ್ವಾದೆ ಏನಾಗ್ಬೇಕು?"

"ನನಗ ಕುರ್ಚಿ ಎಲ್ಲಿದ್ರೂ ನಡೀತೈತ್ರಿ. ಹುಡಿಗ್ಯಾರಿಗೆ ಚಿಲಕ ಇರೋ ಬಾಗಲಾ ಬೇಕು. ಅವರಿಗೊಂದು ಕಟ್ಟಿಸಿ ಕೊಡ್ರಿ, ಅವತ್ತ ಒಳಗ ಹೋಗಿ ಕೂಡ್ತೇನಿ."

ಕಟ್ಟಿಸಲಿಲ್ಲ. ಕೋಣೆ ವಾಪಸ್ ತಗೊಳ್ಳಿ, ಇಲ್ಲ ಕೆಲಸ ಬಿಡಿ ಅಂದರು. ಪ್ರಿನ್ಸಿಪಾಲರು ಕೆಲಸ ಬಿಟ್ಟರು. ಒಬ್ಬನೇ ಒಬ್ಬ ಮೇಷ್ಟ್ರು ಅವರ ಪರವಾಗಿ ಪಿಟಕ್ಕೆನ್ನಲಿಲ್ಲ. ಹೊಸ ಪ್ರಿನ್ಸಿಪಾಲರು ಬಂದ ದಿನವೇ ಕೋಣೆ ಅವರದಾಯಿತು, ನಮಗೆ ಮತ್ತೆ ಒಣಗಿದ ಗಂಟಲು. ಗೆಳತಿಗೆ ಉರಿಮೂತ್ರ ಹತ್ತಿಕೊಂಡಿತು, ಬಿಟ್ಟು ಬಿಟ್ಟು ಜ್ವರ. ಓದಿದ್ದು ಸಾಕು ಅಂತ ಅವಳಪ್ಪ ಮನೆಯಲ್ಲೇ ಕೂರಿಸಿಬಿಟ್ಟ. ಕೊನೆಯ ವರ್ಷದ ಪರೀಕ್ಷೆ ಹತ್ತಿರದಲ್ಲೇ ಇತ್ತು.

ತಡೆಯಲಾರದೆ ಹಳೆಯ ಪ್ರಿನ್ಸಿಪಾಲರ ಮನೆಗೆ ಹೋಗಿ ಹೇಳಿದೆ. "ಮನಿ ತೋರ್ಸು ನಡಿ ತಂಗಿ," ಅಂದು ಚಪ್ಪಲಿ ಮೆಟ್ಟಿದರು.

ಅವಳಪ್ಪ ಅಂಗಳದಲ್ಲಿ ರಾಗಿ ಹರಡುತ್ತಿದ್ದ. ಒಳಗೆ ಬನ್ನಿ ಅನ್ನಲಿಲ್ಲ.

"ಹುಡುಗಿ ಭಾಳ ಶಾಣ್ಯಾಕಿ ಅದಾಳ್ರಿ. ಪರೀಕ್ಷಾ ಒಂದು ಬರೀಲಿ. ಬೇಕಾದ್ರ ನಾನ ಇಲ್ಲಿಗೆ ಬಂದು ಪಾಠ ಹೇಳ್ತೇನಿ," ಅಂದರು ಇವರು.

"ನೀವೀಗ ಕಾಲೇಜ್ನಾಗೆ ಏನಾಗಿದ್ದೀರಾ ಸ್ವಾಮಿ?"

"ಏನೂ ಇಲ್ರಿ."

"ಮತ್ತೆ ಏನಂತ ಕೇಳಕ್ ಬಂದ್ರಿ? ಮಗ್ಳು ನಮ್ಮೋಳು."

ಇವರು ಕೈಮುಗಿದು ತಿರುಗಿದರು. ಬಸ್‌ಸ್ಟಾಪಿನ ತನಕ ನಡೆದೆವು. ಅಲ್ಲಿ ಒಂದೇ ಮಾತು: "ಆ ಕುರ್ಚಿ ಬಿಡಬಾರದಿತ್ತೇನೋ ತಂಗಿ..."

ಅವಳಿಗೆ ಆ ಬೇಸಿಗೆಯಲ್ಲೇ ಮದುವೆ ಮಾಡಿದರು. ಪ್ರಿನ್ಸಿಪಾಲರು ಯಾವುದೋ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳಿಕೊಂಡಿದ್ದು, ಎಂಬತ್ತರ ದಶಕ ಮುಗಿಯುವ ಮೊದಲೇ ತೀರಿಹೋದರಂತೆ. ನನಗೆ ಸುದ್ದಿ ಮುಟ್ಟಿದ್ದು ಎಷ್ಟೋ ಕಾಲದ ಮೇಲೆ.

ಮೊನ್ನೆ ಸ್ಟೇಷನ್ನಿಂದ ಮನೆಗೆ ಬಂದವಳೇ ಗೆಳತಿಗೆ ಫೋನ್ ಮಾಡಿದೆ. ಈಗ ಮೊಮ್ಮಕ್ಕಳನ್ನು ಕಂಡವಳು. ಇಷ್ಟು ವರ್ಷ ಇಬ್ಬರೂ ಪ್ರಿನ್ಸಿಪಾಲರು ಅವಳ ಮನೆಗೆ ಬಂದ ದಿನದ ಮಾತೆತ್ತಿರಲಿಲ್ಲ. ಈಗ ನಾನೇ ಎತ್ತಿದೆ.

"ನಾನು ಬಾಗಿಲ ಹಿಂದೇನೇ ನಿಂತಿದ್ದೆ ಕಣೇ," ಅಂದಳು. "ಅಪ್ಪ ಹೊಡೆದ್ರೂ ಹೊಡೀಲಿ ಅಂತ ಗಟ್ಟಿ ಮನಸ್ಸು ಮಾಡ್ಕೊಂಡು... ಸರ್ ಒಂದ್ಸಲ ನನ್ನ ಹೆಸರು ಹಿಡಿದು ಕರೆದಿದ್ರೆ ಬಂದ್ಬಿಡ್ತಿದ್ದೆ. ಅವ್ರು ಕರೀಲೇ ಇಲ್ಲ."

ಅವರು ಯಾರ ಮೇಲೂ ದನಿ ಎತ್ತಿದವರಲ್ಲ. ಇನ್ನೊಬ್ಬರ ಅಂಗಳದಲ್ಲಿ ನಿಂತು ಆ ಮನೆಯ ಹೆಣ್ಣುಮಗಳನ್ನು ಕೂಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಅದಕ್ಕೇ ಅಲ್ಲವೇ ನಾವು ಅವರನ್ನು ಅಷ್ಟು ಹಚ್ಚಿಕೊಂಡಿದ್ದು. ಆದರೆ ಅವತ್ತೊಂದು ದಿನ ನೀವು ಕರೆಯಬೇಕಿತ್ತು, ಸರ್.