ದೇವರಿಗಿಟ್ಟ ಡಬ್ಬಗಳ್ಳಿ ಹಣ್ಣು

ನಿಜಾಮರ ಆಡಳಿತ ಮುಗಿದ ಮೇಲಿನ ಎರಡನೆಯ ಬೇಸಿಗೆ ಅದು. ಅಲ್ಲಿಯವರೆಗೆ ಉರ್ದುವಿನಲ್ಲೇ ಪಾಠ ನಡೆಯುತ್ತಿದ್ದ ಶಾಲೆಗಳಿಗೆ ಕನ್ನಡ ಮಾಸ್ತರರು ಬೇಕಾಗಿದ್ದರು. ಮರುದಿನ ಬೆಳಿಗ್ಗೆ ಶಹಾಪುರದಲ್ಲಿ ಪರೀಕ್ಷೆ. ಅಧಿಕಾರಿಯ ಎದುರು ಹಳಗನ್ನಡ ಪದ್ಯವೊಂದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಬೇಕಾಗಿತ್ತು. ನನ್ನ ಬಳಿ ಇದ್ದದ್ದು ಸಂಸ್ಕೃತ ಪಾಠಶಾಲೆಯ ಎಂಟು ವರ್ಷಗಳ ಅಭ್ಯಾಸ ಮತ್ತು ಒಂದು ಕಂಠ, ಅಷ್ಟೆ. ತಾಯಿ ಸುರಪುರದಲ್ಲಿ ಕಂಡವರ ಮನೆಯಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದ್ದಳು. ಈ ಕೆಲಸ ಸಿಕ್ಕರೆ ಅವಳು ಪರರ ಒಲೆಯ ಮುಂದಿನಿಂದ ಎದ್ದು ಬರಬಹುದಾಗಿತ್ತು.

ಬಸ್ಸು ಬರಲಿಲ್ಲ. ನಡೆದೇ ಹೊರಟೆ. ಅಂದು ಏಕಾದಶಿ. ಹೊರಡುವ ಮುನ್ನ ನಮಸ್ಕರಿಸಿದಾಗ ಪಾಠಶಾಲೆಯ ಗುರುಗಳು, “ದೂರದ ದಾರಿ. ಹಣ್ಣು ತಿನ್ನು, ಧಾನ್ಯ ಮುಟ್ಟಬ್ಯಾಡ” ಎಂದಿದ್ದರು. ಕೈಯಲ್ಲಿದ್ದ ಎರಡು ಬಾಳೆಹಣ್ಣು ಬೆಳಗಿನ ಹೊತ್ತಿಗೇ ಮುಗಿದವು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕತ್ತಲೆ ಕಟ್ಟಿ, ದಾರಿಯ ಬದಿಯ ಒಂದು ಬೇವಿನ ಮರದ ಕೆಳಗೆ ಕುಳಿತುಬಿಟ್ಟೆ. ಅಲ್ಲಿ ಕುರಿ ಕಾಯುವ ಮುದುಕ ಮುದುಕಿಯರಿಬ್ಬರು ಬುತ್ತಿ ಬಿಚ್ಚುತ್ತಿದ್ದರು.

“ಮಾರಿ ಬಾಡ್ಯಾದಲ್ರೀ ಆಚಾರ್ರ,” ಎಂದಳು ಆಕೆ. “ರೊಟ್ಟಿ ಅದಾವ. ಆದ್ರ ನಮ್ಮ ಕೈಯಾಗಿಂದು ನಿಮಗ ನಡ್ಯಾಂಗಿಲ್ಲ.”

“ಏಕಾದಶಿ ಅದವ್ವಾ.”

“ಏಕಾದಶಿ ಇರಲಿಲ್ಲಂದ್ರ ತಿಂತಿದ್ರೇನು?” ಎಂದ ಮುದುಕ, ತಲೆ ಎತ್ತದೆ.

ಆಕೆ ಗಂಡನನ್ನು ಗದರಿಸಿ, ಹೊಲದ ಬೇಲಿಯ ಡಬ್ಬಗಳ್ಳಿಯಿಂದ ಮೂರು ಕಡುಗೆಂಪು ಹಣ್ಣುಗಳನ್ನು ಕೋಲಿನಿಂದ ಕೆಡವಿದಳು. ಬೇವಿನ ತೊಪ್ಪಲಿನ ಕೆಳಗೆ ಅವನ್ನು ಹೊರಳಿಸಿ, ಮಣ್ಣಿನಲ್ಲಿ ತಿಕ್ಕಿ, ಮೈಮೇಲಿನ ನವಿರು ಮುಳ್ಳುಗಳನ್ನೆಲ್ಲ ಉದುರಿಸಿದಳು. ಆ ಹಣ್ಣನ್ನು ಬೇಲಿಯಲ್ಲಿ ನೋಡುತ್ತಲೇ ಬೆಳೆದಿದ್ದೆ. ತಿನ್ನುವ ವಸ್ತುವೆಂದು ನಮ್ಮ ಮನೆಗಳಲ್ಲಿ ಯಾರೂ ಎಣಿಸಿರಲಿಲ್ಲ.

“ಬಿಡಿಸಿ ಕೊಡ್ಲೇನ್ರಿ?”

“ಬ್ಯಾಡವ್ವಾ, ನಾನೇ ಬಿಡಿಸ್ಕೋತೀನಿ” ಎಂದೆ. ಕಾರಣ ಅವಳಿಗೂ ಗೊತ್ತಿತ್ತು. ನಕ್ಕು ಹಣ್ಣುಗಳನ್ನು ಕಲ್ಲಿನ ಮೇಲಿಟ್ಟು ಸರಿದು ಕುಳಿತಳು.

ಹಣ್ಣಿಗೆ ನೀರು ಚಿಮುಕಿಸಿ, ಕಣ್ಣು ಮುಚ್ಚಿ ಕೃಷ್ಣನಿಗೆ ಅರ್ಪಿಸಿದೆ. ನಮ್ಮ ಪಾಠಶಾಲೆಯಲ್ಲಿ ಅರ್ಪಿಸಿದ ಕ್ಷಣದಿಂದ ಕೈ ತೊಳೆಯುವವರೆಗೆ ಮೌನ. ಬಾಯಿಗೆ ಹೋದ ಪ್ರಸಾದವನ್ನು ಉಗುಳುವುದಂತೂ ಮಹಾಪಾಪ. ಸಿಪ್ಪೆ ಸುಲಿದು ಒಂದು ಹಣ್ಣನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.

“ಅಯ್ಯ ನಿಂದರ್ರೀ!” ಮುದುಕಿ ಕೂಗಿದಳು. “ಒಳಗ ಚಿಕ್ಕಿಯಂಥಾ ಮುಳ್ಳದ, ಅದನ್ನ ತಗದು ತಿನ್ನಬೇಕ್ರಿ. ಉಗುಳ್ರಿ! ಉಗುಳ್ರಿ ಯಪ್ಪಾ!”

ಅವಳ ಮಾತು ಸ್ಪಷ್ಟವಾಗಿ ಕೇಳಿತು. ನಾಲಿಗೆಗೆ ನಕ್ಷತ್ರದಾಕಾರದ ಆ ಮುಳ್ಳು ತಗಲಿತು ಕೂಡ. ಉಗುಳಲಾರೆ, ಮೌನ ಮುರಿದು ಏನನ್ನೂ ಕೇಳಲಾರೆ. ಎಂಟು ವರ್ಷಗಳ ಶಿಕ್ಷಣ ಒಂದು ಕಡೆ, ಅವಳ ಗಾಬರಿಯ ಮುಖ ಇನ್ನೊಂದು ಕಡೆ. ನಾನು ನುಂಗಿದೆ.

ಗಂಟಲಿನ ಕೆಳಭಾಗದಲ್ಲಿ ಅದು ಕಚ್ಚಿ ನಿಂತಿತು. ನೀರು ಕುಡಿದೆ, ಪ್ರತಿ ಗುಟುಕಿಗೂ ಕಣ್ಣಲ್ಲಿ ನೀರು ಬಂತು. ಕೆಮ್ಮಿದರೆ ಇನ್ನೂ ಆಳಕ್ಕೆ ಚುಚ್ಚಿತು. ಕೈ ತೊಳೆದುಕೊಂಡು, ಮರುದಿನದ ನೆನಪಾಗಿ, ಒಂದು ಶ್ಲೋಕ ಹೇಳಲು ಯತ್ನಿಸಿದೆ. ಮೊದಲ ಪಾದದಲ್ಲೇ ಧ್ವನಿ ಹರಿದ ಬಟ್ಟೆಯಂತೆ ಸೀಳಿತು. ಮತ್ತೆ ಹೇಳಿದೆ, ಮತ್ತೆ ಸೀಳಿತು. ತಾಯಿಯ ಹೊಗೆ ಹಿಡಿದ ಮುಖ ಕಣ್ಣೆದುರು ಬಂದು ನಿಂತಿತು.

“ಮಾತು ಕೇಳ್ತಿತ್ತಿಲ್ಲೊ ನಿನಗ?” ಮುದುಕ ಈಗ ಎದ್ದು ಹತ್ತಿರ ಬಂದಿದ್ದ. ಬಹುವಚನ ಬಿಟ್ಟುಹೋಗಿತ್ತು. “ಉಗುಳಾಕ ಏನಾಗಿತ್ತು?”

“ದೇವರಿಗೆ ಅರ್ಪಿಸಿದ್ದು…” ಎಂದು ಪಿಸುಗುಟ್ಟಿದೆ.

“ಮುಳ್ಳ ತಗೀಲಾರ್ದ ಕೊಟ್ಟಿಯೇನು ದೇವ್ರಿಗಿ? ಅವನ ಗಂಟಲ ಗಂಟಲಲ್ಲೇನು?”

ಶಾಸ್ತ್ರಗ್ರಂಥಗಳ ಎದುರು ಕುಳಿತಾಗಲೂ ನಾನು ಅಷ್ಟು ತಲೆ ತಗ್ಗಿಸಿರಲಿಲ್ಲ.

ಮುದುಕಿ ಅಷ್ಟರಲ್ಲಿ ಜೋಳದ ರೊಟ್ಟಿ ಮುರಿದು, ಬೆಣ್ಣೆ ಹಚ್ಚಿ, ನಾದಿ, ನಿಂಬೆಕಾಯಿ ಗಾತ್ರದ ಉಂಡೆಗಳನ್ನು ಮಾಡಿದ್ದಳು. “ಅಗಿಬ್ಯಾಡ್ರಿ. ಹಂಗೇ ನುಂಗ್ರಿ. ಮುಳ್ಳ ಎಳಕೊಂಡು ಇಳೀತದ.” ಚಾಚಿದ ಕೈಯನ್ನು ಮತ್ತೆ ಹಿಂದಕ್ಕೆ ಸೆಳೆದುಕೊಂಡಳು. “ನಡೀತದೋ ಇಲ್ಲೋ ನೀವೇ ಹೇಳ್ರಿ. ಆಮ್ಯಾಗ ನನ್ನ ಮ್ಯಾಲ ಪಾಪ ಹಾಕಬ್ಯಾಡ್ರಿ.”

ಏಕಾದಶಿಯ ದಿನ ಧಾನ್ಯ, ಅದೂ ಬೇಯಿಸಿದ್ದು, ಅದೂ ಆ ಕೈಯಿಂದ. ಮೂರು ನಿಷೇಧಗಳು ಒಂದೇ ಉಂಡೆಯಲ್ಲಿದ್ದವು. ಕುರಿಗಳು ನೆರಳಿನಿಂದೆದ್ದು ಮೇಯಲು ಚದುರತೊಡಗಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಇವರು ಹೋಗುತ್ತಾರೆ, ನಾನು ಈ ಮುಳ್ಳಿನೊಡನೆ ಶಹಾಪುರ ಸೇರುತ್ತೇನೆ. ಎರಡೂ ಕೈ ಒಡ್ಡಿದೆ.

ಮೊದಲನೆಯ ಉಂಡೆ ಉಸಿರುಗಟ್ಟಿಸಿತು, ಮುಳ್ಳು ಅಲುಗಲಿಲ್ಲ. ಎರಡನೆಯದಕ್ಕೆ ನೋವು ಹೆಚ್ಚಿತು. ಮುದುಕಿ ನನ್ನ ಬೆನ್ನ ಮೇಲೆ ಅಂಗೈ ಊರಿ, “ಇನ್ನೊಂದು ನನ್ನಪ್ಪಾ, ಇದೊಂದು” ಎಂದಳು. ಮೂರನೆಯದು ಇಳಿಯಿತು. ಅದರೊಡನೆ ಏನೋ ಕಿತ್ತುಬಂದಂತಾಗಿ ಬಾಯಲ್ಲಿ ರಕ್ತದ ರುಚಿ ಬಂತು. ಹೆದರುತ್ತಲೇ ಉಗುಳು ನುಂಗಿದೆ. ಚುಚ್ಚಲಿಲ್ಲ.

“ಈಗ ಮಂತ್ರ ಹೇಳ್ರಿ ನೋಡೂಣು” ಎಂದಳು. ಹೇಳಿದೆ. ಧ್ವನಿ ಗೊಗ್ಗರಾಗಿತ್ತು, ಆದರೆ ಒಡೆಯಲಿಲ್ಲ. ಇಬ್ಬರೂ ಕೈ ಮುಗಿದು ಕೇಳಿದರು. ಮುಗಿಯುವ ಮೊದಲೇ ಮುದುಕ ಕುರಿಗಳ ಹಿಂದೆ ಓಡಿದ.

ಮರುದಿನ ಅಧಿಕಾರಿಯ ಕಣ್ಣು ಮೊದಲು ಬಿದ್ದದ್ದು ನನ್ನ ಪಂಚೆಯ ಮೇಲಿನ ಕೆಂಪು ಕಲೆಯ ಮೇಲೆ. ಗಲಭೆಗಳಲ್ಲಿ ಹರಿದ ರಕ್ತದ ನೆನಪು ಇನ್ನೂ ಮಾಸಿರದ ಆ ದಿನಗಳಲ್ಲಿ ಅಂಥ ಕಲೆಯನ್ನು ಕಂಡರೆ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು.

“ಏನ್ರಿ ಅದು?”

“ಡಬ್ಬಗಳ್ಳಿ ಹಣ್ಣಿನ ರಸ್ರಿ.”

ಅಧಿಕಾರಿ ನನ್ನ ಉಗುರುಗಳನ್ನು ನೋಡಿದರು. ಅವೂ ಕೆಂಪಾಗಿದ್ದವು. “ಸಣ್ಣವರಿದ್ದಾಗ ನಾವೂ ತಿಂದೀವಿ” ಎಂದು ಪುಸ್ತಕವನ್ನು ನನ್ನತ್ತ ತಳ್ಳಿದರು. ಓದಿದೆ. ದೀರ್ಘಾಕ್ಷರಗಳಲ್ಲಿ ಧ್ವನಿ ನಡುಗಿತು. ಆದರೆ ಕೊನೆಯ ಸಾಲಿನವರೆಗೂ ಅದು ನನ್ನ ಕೈಬಿಡಲಿಲ್ಲ. ಎಂಟು ದಿನಗಳ ಬಳಿಕ ನೇಮಕದ ಆದೇಶ ಕೈಗೆ ಬಂತು. ತಾಯಿ ಅದನ್ನು ಓದಲಾರದೆ, ಮೂಸಿ ನೋಡಿ, ದೇವರ ಮುಂದಿಟ್ಟಳು.

ಅಂದೇ ಗುರುಗಳ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಒಂದೂ ಮರೆಮಾಡದೆ ಹೇಳಿ, ಪ್ರಾಯಶ್ಚಿತ್ತ ವಿಧಿಸಬೇಕೆಂದು ಬೇಡಿದೆ.

“ರೊಟ್ಟಿ ಔಷಧ. ಅದನ್ನ ಬಿಡು,” ಎಂದರು ಗುರುಗಳು. “ಹಣ್ಣಿನ ರುಚಿ ಹ್ಯಾಂಗಿತ್ತು?”

ನನಗೆ ತಿಳಿದಿರಲಿಲ್ಲ. ನೋವು, ಭಯಗಳ ನಡುವೆ ಅದನ್ನು ಗಮನಿಸಿಯೇ ಇರಲಿಲ್ಲ.

“ಹಂಗಾದ್ರ ದೇವರಿಗೂ ತಿಳಿದಿರಲಿಕ್ಕಿಲ್ಲ. ನಾಳೆ ತಗೊಂಡು ಬಾ.”

ಮರುದಿನ ಬೇವಿನ ತೊಪ್ಪಲಿನಲ್ಲಿ ತಿಕ್ಕಿ, ಹಣ್ಣನ್ನು ಇಬ್ಭಾಗ ಮಾಡಿ, ನಡುವಿನ ಚಿಕ್ಕಿಮುಳ್ಳನ್ನು ಉಗುರಿನಿಂದ ಎತ್ತಿ ತೆಗೆದೆ. ಪ್ರತಿ ಹೋಳನ್ನೂ ಬೆಳಕಿಗೆ ಹಿಡಿದು ನೋಡಿದೆ. ನೈವೇದ್ಯವಾಯಿತು. ಗುರುಗಳು ಮೌನವಾಗಿ ಒಂದು ಹೋಳನ್ನು ತಿಂದರು. ಅವರ ಬಿಳಿ ಗಡ್ಡದಲ್ಲಿ ಕೆಂಪು ಹನಿಯೊಂದು ಇಳಿಯಿತು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಅವರು ನುಂಗಿದರು. ಕೈ ತೊಳೆಯುವವರೆಗೆ ಮಾತಾಡುವಂತಿರಲಿಲ್ಲವಾದ್ದರಿಂದ, ಇನ್ನೊಂದಕ್ಕಾಗಿ ಕೈ ಚಾಚಿದರು.