ಮೇಷ್ಟ್ರ ಬಲಗೈ ಮತ್ತು ಜಾಕೆಟ್ಟಿನ ಚರ್ಮ

ಡ್ರೈವಿಂಗ್ ಮೇಷ್ಟ್ರು ಮೂವತ್ತೊಂದು ವರ್ಷದಲ್ಲಿ ಮೂರು ಸಾವಿರ ಜನಕ್ಕೆ ಕಾರು ಕಲಿಸಿದ್ದರು. ಅವರಲ್ಲಿ ಒಬ್ಬರಾದರೂ ಪಾಠದ ಹೊತ್ತಿನಲ್ಲಿ ಸ್ಟೀರಿಂಗ್ ತಿರುಗಿಸಿದ್ದನ್ನು ಕಂಡವರಿಲ್ಲ. ಶಿಷ್ಯರು ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದರು, ಅಷ್ಟೆ. ಎಡಗಡೆ ಸೀಟಿನಿಂದ ಮೇಷ್ಟ್ರ ಬಲಗೈ ಬಂದು ಹಿಡಿಯಿತೆಂದರೆ ಪಾಠ ಮುಗಿಯುವ ತನಕ ಬಿಡುತ್ತಿರಲಿಲ್ಲ. ಆ ಕೈ ಬೇರೆ ಯಾವ ಕೆಲಸಕ್ಕೂ ಸಿಗದಿದ್ದುದರಿಂದ ಟೀ ಕುಡಿಯುವುದು, ಹಾಜರಿ ಬರೆಯುವುದು, ಕಿವಿ ಕೆರೆದುಕೊಳ್ಳುವುದು ಎಲ್ಲವನ್ನೂ ಎಡಗೈಯೇ ಕಲಿತಿತ್ತು. ನಿದ್ದೆಯಲ್ಲೂ ಬಲಗೈ ದಿಂಬಿನ ಅಂಚು ಹಿಡಿದು ತಿರುವು ತೆಗೆದುಕೊಳ್ಳುತ್ತದೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಆಕೆ ಟೈಲರು, ಬಟ್ಟೆ ಯಾವತ್ತು ಕೊಡುತ್ತೇನೆ ಎಂಬುದೊಂದನ್ನು ಬಿಟ್ಟರೆ ಬೇರೆ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ.

ಇಷ್ಟು ಕೈಗಳ ಬೆವರು ಕುಡಿದ ಸ್ಟೀರಿಂಗ್ ಕೊನೆಗೆ ಪುಡಿ ಪುಡಿಯಾಗಿ ಉದುರತೊಡಗಿತು. ಆ ಪುಡಿ ಮೆತ್ತಿದ ಕರಿ ಅಂಗೈ ಕಂಡರೆ ಸಾಕು, ಇವರು ಮೇಷ್ಟ್ರ ಶಿಷ್ಯರೆಂದು ಬೀದಿಯ ನಾಯಿಗಳೂ ದಾರಿ ಬಿಡುತ್ತಿದ್ದವು. ಲೈಸೆನ್ಸ್ ಕಚೇರಿಯ ಇನ್ಸ್‌ಪೆಕ್ಟರರ ಫೈಲಿಗೆಲ್ಲ ಆ ಮಸಿ ಮೆತ್ತಿಕೊಂಡಾಗ ಅವರು ಕೆಂಡವಾದರು.

"ಮೇಷ್ಟ್ರೇ, ಸೋಮವಾರದ ಹೊತ್ತಿಗೆ ಇದು ಸರಿ ಇರ್ಬೇಕು. ಇಲ್ದಿದ್ರೆ ಈ ಕಾರಲ್ಲಿ ನಾನು ಯಾರ ಟೆಸ್ಟೂ ತಗೊಳಲ್ಲ."

ಸೋಮವಾರವೇ ಮೇಷ್ಟ್ರ ಹೆಂಡತಿಯ ಟೆಸ್ಟು. ಅದು ಮೂರನೆಯದು. ಮೊದಲೆರಡು ಸಲ ಎಡಗಡೆ ಸೀಟಿನಲ್ಲಿ ಇನ್ಸ್‌ಪೆಕ್ಟರು ಕೂತಿದ್ದರು, ಮೇಷ್ಟ್ರು ಗೇಟಿನಾಚೆ ನಿಂತಿದ್ದರು. ತಿರುವು ಬಂದಾಗ ಆಕೆ ಗಂಡನ ಕೈ ಬರಲೆಂದು ಕಾದರು. ಕೈ ಬರಲಿಲ್ಲ, ಕಾರು ಒಮ್ಮೆ ಹೂಕುಂಡಗಳ ಮೇಲೆ, ಇನ್ನೊಮ್ಮೆ ಇನ್ಸ್‌ಪೆಕ್ಟರರ ಊಟದ ಡಬ್ಬಿಯ ಮೇಲೆ ಹೋಯಿತು. ಈ ಸಲವೂ ಕೈತಪ್ಪಿದರೆ ಮುಂದಿನ ಸರದಿ ಆರು ತಿಂಗಳಿಗೆ. ಹೊಲಿದ ಪರದೆಗಳ ಗಂಟನ್ನು ಬಸ್ಸಿನಲ್ಲಿ ಹೊತ್ತು ಹೊತ್ತು ಆಕೆಯ ಭುಜ ಒಂದು ಗೇಣು ಇಳಿದಿತ್ತು.

ಭಾವಮೈದ ಎಂದೋ ಕೊಟ್ಟಿದ್ದ ಚರ್ಮದ ಜಾಕೆಟ್ಟು ಬೀರುವಿನಲ್ಲಿತ್ತು. ಅದನ್ನು ಹಾಕಿಕೊಂಡರೆ ಮೇಷ್ಟ್ರು ಮಡಚಿಟ್ಟ ಸೋಫಾದಂತೆ ಕಾಣುತ್ತಿದ್ದರು. ಭಾನುವಾರ ಬೆಳಿಗ್ಗೆ ಹೆಂಡತಿ ಅದರ ಬೆನ್ನು ಕತ್ತರಿಸಿ, ದಾರದಲ್ಲಿ ಸ್ಟೀರಿಂಗ್ ಸುತ್ತಳತೆ ತೆಗೆದು, ಮೂರು ತುಂಡು ಜೋಡಿಸಿ ಪಟ್ಟಿ ಮಾಡಿದರು. ಅಂಚಿಗೆ ಸಾಲಾಗಿ ತೂತು ಹಾಕಿದರು.

"ಕೊಡಿ, ಹೊಲಿಗೇನೂ ನಾನೇ ಹಾಕ್ತೀನಿ."

"ನೀನು ಪರದೆ ನೋಡ್ಕೋ. ಸ್ಟೀರಿಂಗ್ ವಿಷಯ ನನಗೆ ಬಿಡು," ಎಂದರು ಮೇಷ್ಟ್ರು.

ಸ್ಟೀರಿಂಗ್ ಬಿಚ್ಚಿ ಒಳಗೆ ತರುವ ಯೋಚನೆಯಿತ್ತು. ಆದರೆ ನಡುವಿನ ನಟ್ಟು ಮೂರು ಸ್ಪ್ಯಾನರ್ ತಿಂದು ತೇಗಿತು. ಸರಿ, ಕಾರಲ್ಲೇ ಹೊಲಿಯುವುದೆಂದಾಯಿತು. ಮೇಷ್ಟ್ರ ಕಾಲು ಅಭ್ಯಾಸದಂತೆ ಎಡಗಡೆ ಬಾಗಿಲಿಗೇ ನಡೆಯಿತು.

"ರೀ, ಈ ಕಡೆ ಬಂದು ಕೂತ್ಕೊಳ್ಳಿ, ಎದುರಿಗಿರುತ್ತೆ."

"ಎಲ್ಲಿಂದ ನೋಡಿದ್ರೂ ಅದು ದುಂಡಗೇ ಇರುತ್ತೆ ಕಣೇ."

ಹಳೆಯ ಸಿಪ್ಪೆಯನ್ನು ಉಜ್ಜುಕಾಗದದಿಂದ ತಿಕ್ಕಿ, ಅಂಟು ಬಳಿದು, ಒದ್ದೆ ಮಾಡಿದ ಚರ್ಮ ಎಳೆದು ಕೂರಿಸಿದರು. ಸ್ಟೀರಿಂಗಿನ ಅಡ್ಡಕಡ್ಡಿಗಳ ಸಂದಿಗೆ ಚಮಚದ ಹಿಡಿಯಿಂದ ಅಂಚು ತುರುಕಿದರು. ಬಲಗೈ ಎಂದಿನಂತೆ ಸ್ಟೀರಿಂಗ್ ಹಿಡಿದುಕೊಂಡಿತು, ಎಡಗೈ ಹೊಲಿಯಿತು. ತೂತಿನಿಂದ ತೂತಿಗೆ, ಇರುವೆ ಸಾಲಿನಂಥ ಹೊಲಿಗೆ. ಒಂದು ಸುತ್ತು ಮುಗಿದು ಗಂಟು ಬಿತ್ತು.

ಹೆಂಡತಿ ಬಾಗಿಲಿಗೆ ಬಂದು ಕರೆದರು. "ಟೀ ಆರ್ತಾ ಇದೆ, ಬನ್ನಿ."

"ಇಲ್ಲಿಗೇ ತಂದ್ಬಿಡು."

ಮುಕ್ಕಾಲು ಗಂಟೆ ಕಳೆದರೂ ಮೇಷ್ಟ್ರು ಇಳಿಯಲಿಲ್ಲ.

"ಯಾಕ್ರೀ, ಇಳಿಯಲ್ವಾ?"

"ಇಳೀತೀನಿ. ಗಾಳಿ ಚೆನ್ನಾಗಿದೆ."

ಕಾರಿನ ಗಾಜುಗಳು ಮುಚ್ಚಿದ್ದವು. ಆಕೆ ಬಗ್ಗಿ ನೋಡಿದರು. ತುಂಬುತೋಳಿನ ಅಂಗಿಯ ಬಲತೋಳು, ಗುಂಡಿ ಸಮೇತ, ಚರ್ಮದ ಅಂಚಿನೊಂದಿಗೆ ಅಚ್ಚುಕಟ್ಟಾಗಿ ಹೊಲಿದುಹೋಗಿತ್ತು. ಹದಿನಾಲ್ಕು ಹೊಲಿಗೆ. ಅಷ್ಟು ನೇರವಾದ ಹೊಲಿಗೆ ಆಕೆಯೂ ಹಾಕಿರಲಿಲ್ಲ.

"ಬಿಚ್ಚಿಬಿಡ್ಲಾ?" ಮೇಷ್ಟ್ರ ದನಿ ಇಲಿಮರಿಯಷ್ಟಾಗಿತ್ತು.

"ಬಿಚ್ಚಿದ್ರೆ ತೂತು ಹರಿಯುತ್ತೆ, ಬೇರೆ ಚರ್ಮ ಇಲ್ಲ. ನಾಳೆ ನನ್ನ ಟೆಸ್ಟು."

ಆಕೆ ಒಳಗೆ ಹೋಗಿ ದೊಡ್ಡ ಕತ್ತರಿ ತಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮೊಣಕೈಯ ಕೆಳಗೆ ಕರ್ ಎಂದು ಒಂದೇ ಸದ್ದು. ಕೈ ಹೊರಬಂತು, ಸ್ಟೀರಿಂಗ್ ಮೇಲೆ ಅಂಗಿತೋಳಿನ ತುಂಡೊಂದು ಉಳಿಯಿತು.

ಸೋಮವಾರ ಇನ್ಸ್‌ಪೆಕ್ಟರು ಎಡಗಡೆ ಕೂತು, ಚರ್ಮ ಸವರಿ ತಲೆಯಾಡಿಸಿ, ಗುಂಡಿಯ ಹತ್ತಿರ ಬೆರಳು ನಿಲ್ಲಿಸಿದರು.

"ಇದೇನಮ್ಮಾ?"

"ನಮ್ಮನೆಯವರ ತೋಳು, ಸರ್."

"ಅವರೆಲ್ಲಿ?"

"ಮಿಕ್ಕಿದ್ದು ಗೇಟ್ ಹತ್ರ ನಿಂತಿದೆ."

ಕಾರು ಹೊರಟಿತು. ಗೇಟಿನಾಚೆ ಮೇಷ್ಟ್ರ ಬಲಗೈ ಕಬ್ಬಿಣದ ಸರಳು ಹಿಡಿಯಿತು. ಮೊದಲ ತಿರುವಿನಲ್ಲಿ ಹೂಕುಂಡಗಳು ಎದುರಾದವು. ಒಳಗೆ ಆಕೆ ಒಂದು ಕ್ಷಣ ಎಡಕ್ಕೆ ನೋಡಿದರು. ಬರಬೇಕಾದ ಕೈಯ ಜಾಗದಲ್ಲಿ ಖಾಲಿ ತೋಳಷ್ಟೇ ಜೋಲುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಪರದೆಯ ಮೂಲೆ ತಿರುಗಿಸುವಾಗ ಆಕೆ ಯಾರ ಕೈಗೂ ಕಾದವರಲ್ಲ. ಕಾಲನ್ನು ಹಗುರ ಮಾಡಿ, ಎರಡೂ ಕೈಯಿಂದ ತಿರುಗಿಸಿದರು. ಹೂಕುಂಡದ ಒಂದು ಎಸಳೂ ಅಲುಗಲಿಲ್ಲ. ಎರಡನೆಯ ತಿರುವಿನಲ್ಲಿ ಮೇಷ್ಟ್ರು ಗೇಟನ್ನು ಎಡಕ್ಕೆಳೆದರು, ಕಾರು ಬಲಕ್ಕೆ ಹೋಯಿತು. ಹೋಗಬೇಕಾಗಿದ್ದದ್ದು ಬಲಕ್ಕೇ. ಗೇಟು ಮಾತ್ರ ತಿರುಗಣಿ ಕಿತ್ತುಕೊಂಡು ಕೈಗೆ ಬಂತು; ಅದನ್ನು ಹಿಡಿದುಕೊಂಡೇ ಅವರು ಟೆಸ್ಟ್ ಪೂರ್ತಿ ನೋಡಿದರು.

ಇನ್ಸ್‌ಪೆಕ್ಟರು ಮಸಿಯಿಲ್ಲದ ಬೆರಳಲ್ಲಿ ಸಹಿ ಹಾಕಿದರು.

ಮನೆಗೆ ಬರುವಾಗಲೂ ಆಕೆಯೇ ಓಡಿಸಿದರು. ಅಂಗಡಿ ಬೀದಿಯ ತಿರುವಿನಲ್ಲಿ ಎಡಗಡೆಯಿಂದ ಬಲಗೈ ಮೆಲ್ಲಗೆ ಹೊರಟು ತನ್ನದೇ ತೋಳಿಗೆ ತಾಗಿತು.

"ಇಲ್ಲಿ ಆಗ್ಲೇ ಒಂದಿದೆಯಲ್ಲ ರೀ," ಎಂದರು ಆಕೆ, ರಸ್ತೆಯಿಂದ ಕಣ್ಣು ತೆಗೆಯದೆ.

ಮೇಷ್ಟ್ರು ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಅವತ್ತು ಸಂಜೆ, ಮೂವತ್ತೊಂದು ವರ್ಷದ ಮೇಲೆ, ಬಲಗೈಯಲ್ಲಿ ಟೀ ಕುಡಿದರು. ಅರ್ಧ ಟೀ ಅಂಗಿಯ ಮೇಲೆ ಚೆಲ್ಲಿತು. ಕೈ ಇನ್ನೂ ಕಲಿಯುತ್ತಿತ್ತು.